ಒಂದು ಸೆಂಟಿಮೀಟರಿಗೆ ನೂರೈವತ್ತು ಕೋಟಿ

ಮೂರು ಮೀಟರ್ ಉದ್ದ, ಎರಡು ಮೀಟರ್ ಎತ್ತರ, ಒಂದೂವರೆ ಮೀಟರ್ ಅಗಲ. ಬಾಗಲಕೋಟೆ ಜಿಲ್ಲೆಯ ಇಳಕಲ್ ಸುತ್ತಿನ ಗ್ರಾನೈಟ್ ಕ್ವಾರಿಯಿಂದ ಇಷ್ಟು ದೊಡ್ಡ ಒಂದು ಬ್ಲಾಕು ಹೊರಬಿತ್ತು ಎಂದುಕೊಳ್ಳಿ. ನೋಡಿದರೆ ಸಣ್ಣ ಕೋಣೆಯಷ್ಟೂ ಇಲ್ಲ. ತೂಗಿದರೆ ಸುಮಾರು 24 ಟನ್! ದೊಡ್ಡ ಆನೆಗೆ ನಾಲ್ಕು ಟನ್ ಹಿಡಿದರೂ ಆರು ಆನೆ. ಮೈಸೂರು ದಸರೆಯ ಚಿನ್ನದ ಅಂಬಾರಿ 750 ಕಿಲೋ. ಈ ಬ್ಲಾಕು ಅಂಥ 32 ಅಂಬಾರಿಗಳಿಗೆ ಸಮ. ಒಂದು ಅಂಬಾರಿ ಹೊರುವ ಆನೆಗೆ ವಾರಗಟ್ಟಲೆ ತಾಲೀಮು, ಮೇಲೆ ಪೂಜೆ, ಆರತಿ, ಇಪ್ಪತ್ತೊಂದು ಕುಶಾಲತೋಪು. 32 ಅಂಬಾರಿಯ ಭಾರ ಹೇರಿಕೊಂಡ ಟ್ರೇಲರಿನ ಚಾಲಕ ಮಾತ್ರ ಚಹಾ ಕುಡಿದು, ಲೋಟ ಇಟ್ಟು, ಹೊರಟೇಬಿಡುತ್ತಾನೆ.

ಹತ್ತಿರ ಹೋಗಿ ನೋಡಬೇಕು. ಗುಲಾಬಿ ಮೈ, ಅದರ ಮೇಲೆ ಕಪ್ಪು ಚುಕ್ಕೆ. ಡ್ರಿಲ್ ಹೊಡೆದು ಸೀಳಿದ ಕಡೆ ಮೇಲಿನಿಂದ ಕೆಳಕ್ಕೆ ಸಾಲುಸಾಲು ಅರೆಕೊಳವೆಯ ಗೀರು, ವೈರ್‌ಸಾ ಕೊಯ್ದ ಕಡೆ ಗೋಡೆಯಂಥ ನುಣುಪು. ಒಂದು ಮೂಲೆಯಲ್ಲಿ ಬಣ್ಣದಲ್ಲಿ ಬರೆದ ನಂಬರು, ಅದರ ಕೆಳಗೆ ಉದ್ದ, ಎತ್ತರ, ಅಗಲ. ಆ ಮೂರು ಅಂಕಿಯೇ ಅದರ ಜಾತಕ. ಕೊಳ್ಳುವವನು ಮೊದಲು ಅದನ್ನು ಗುಣಿಸುತ್ತಾನೆ, ಆಮೇಲೆ ಕಲ್ಲು ನೋಡುತ್ತಾನೆ.

ವೈರ್‌ಸಾ ಎಂದರೆ ವಜ್ರದ ಮಣಿ ಪೋಣಿಸಿದ ಉಕ್ಕಿನ ಹಗ್ಗ. ಅದು ಕಲ್ಲಿನೊಳಗೆ ಸೆಕೆಂಡಿಗೆ ಸುಮಾರು 25 ಮೀಟರ್ ವೇಗದಲ್ಲಿ ಓಡುತ್ತದೆ. ಗಂಟೆಗೆ 90 ಕಿಲೋಮೀಟರ್! ಹುಬ್ಬಳ್ಳಿ ಕಡೆಯ ಬಸ್ಸು ಹೆದ್ದಾರಿಯಲ್ಲಿ ಬಿಟ್ಟ ಬಾಣದಂತೆ ಹೋಗುವಾಗಲೂ ಇದಕ್ಕಿಂತ ಜೋರಾಗಿ ಹೋಗುವುದು ಕಷ್ಟ. ಹಗ್ಗ ಬಸ್ಸಿನ ವೇಗದಲ್ಲಿ, ಕೊಯ್ತ ಬಸವನಹುಳುವಿನ ವೇಗದಲ್ಲಿ. ಹೀಗೆ ಕೊಯ್ದ ಬ್ಲಾಕನ್ನು ಮತ್ತೆ ಎರಡು ಸೆಂಟಿಮೀಟರ್ ದಪ್ಪದ ಚಪ್ಪಡಿಗಳಾಗಿ ಹೋಳುಮಾಡಿದರೆ, ಗರಗಸ ತಿಂದದ್ದನ್ನು ಕಳೆದು ಸುಮಾರು 60 ಚಪ್ಪಡಿ. ಹಾಸಿದರೆ 360 ಚದರ ಮೀಟರ್, ಅಂದರೆ 3,800 ಚದರಡಿಗೂ ಮಿಗಿಲು. ಮೂವತ್ತು-ನಲವತ್ತರ ಮೂರು ಸೈಟುಗಳಿಗೆ ಅಂಚಿನಿಂದ ಅಂಚಿಗೆ ನೆಲಹಾಸು, ಒಂದೇ ಒಂದು ಕಲ್ಲಿನಿಂದ!

ಆದರೆ ತೂಕ ಈ ಕಲ್ಲಿನ ಸಣ್ಣ ಗುಣ. ದೊಡ್ಡ ಗುಣ ವಯಸ್ಸು: ಸುಮಾರು 250 ಕೋಟಿ ವರ್ಷ. ಈ ಅಂಕಿ ಎಷ್ಟು ದೊಡ್ಡದೆಂದರೆ ತಲೆಯೊಳಗೆ ಹೋಗುವುದೇ ಇಲ್ಲ. ಒಂದು ವರ್ಷವನ್ನು ಒಂದು ಸೆಕೆಂಡಿಗೆ ಕುಗ್ಗಿಸೋಣ. ಆಗ ಕಲ್ಲಿನ ವಯಸ್ಸು 79 ವರ್ಷ. ಆ ಲೆಕ್ಕದಲ್ಲಿ ಡೈನೋಸಾರ್‌ಗಳು ಅಳಿದದ್ದು ಎರಡು ವರ್ಷದ ಹಿಂದೆ. ಮನುಷ್ಯ ಹುಟ್ಟಿ ಮೂರೂವರೆ ದಿನ. ಬಾದಾಮಿಯ ಮೂರನೇ ಗುಹೆಯಲ್ಲಿ ಚಾಲುಕ್ಯ ಮಂಗಳೇಶ ಕ್ರಿ.ಶ. 578ರಲ್ಲಿ ಶಾಸನ ಬರೆಸಿ ಸುಮಾರು 24 ನಿಮಿಷ. ದೇಶ ಸ್ವತಂತ್ರವಾಗಿ ಒಂದೂಕಾಲು ನಿಮಿಷ ಚಿಲ್ಲರೆ! ಎಪ್ಪತ್ತೊಂಬತ್ತರ ಮುದುಕನ ಜೀವನದಲ್ಲಿ ಕೊನೆಯ ಒಂದು ನಿಮಿಷ ಬಂದು ಅವನನ್ನು ಚಪ್ಪಡಿ ಮಾಡಿ ಮಾರುತ್ತಿದ್ದೇವೆ.

ಬಾದಾಮಿಯ ಕೆಂಪು ಮರಳುಗಲ್ಲು ಇಳಕಲ್ಲಿನ ಗ್ರಾನೈಟಿಗಿಂತ ಕಿರಿಯದು, ಆದರೂ 50 ಕೋಟಿ ವರ್ಷದ ಗಡಿಯ ಆಚೆಯದೇ. ಚಾಲುಕ್ಯರಿಗೆ ಅದು ಸಿಕ್ಕ ಮೊದಲ ನೈಸರ್ಗಿಕ ಸಂಪತ್ತು. ಒಂದನೇ ಪುಲಕೇಶಿ 543ರಲ್ಲಿ ಆ ಬಂಡೆಯ ನೆತ್ತಿಯ ಮೇಲೆ ಕೋಟೆ ಕಟ್ಟಿಸಿದ. 35 ವರ್ಷದಲ್ಲಿ ಗುಹೆ, 91 ವರ್ಷದಲ್ಲಿ ಐಹೊಳೆಯ ಮೇಗುತಿ ಬಸದಿ. ಹುನಗುಂದ ತಾಲ್ಲೂಕಿನ ಆ ಮೇಗುತಿಯ ಗೋಡೆಯ ಮೇಲೆ 634ರಲ್ಲಿ ಕವಿ ರವಿಕೀರ್ತಿ ಬರೆಸಿದ ಶಾಸನ ಓದಿದರೆ, ಈ ನೆಲಕ್ಕೆ ಅಂಕಿಯ ಹುಚ್ಚು ಇಂದಿನದಲ್ಲ ಎಂದು ತಿಳಿಯುತ್ತದೆ. ಭಾರತ ಯುದ್ಧ ಮುಗಿದು 3,735 ವರ್ಷ, ಶಕ ವರ್ಷ 556 ಎಂದು ಆತ ಎರಡೆರಡು ಲೆಕ್ಕ ಕೊಡುತ್ತಾನೆ. ಇಮ್ಮಡಿ ಪುಲಕೇಶಿ ಮೂರು ಮಹಾರಾಷ್ಟ್ರಕಗಳ 99,000 ಹಳ್ಳಿಗಳಿಗೆ ಒಡೆಯನಾದ ಎನ್ನುತ್ತಾನೆ. ತೊಂಬತ್ತೊಂಬತ್ತು ಸಾವಿರ! ಇವತ್ತಿನ ಇಡೀ ಕರ್ನಾಟಕದ ಹಳ್ಳಿಗಳು 29 ಸಾವಿರ ಚಿಲ್ಲರೆ. ಅಂಥ ಮೂರು ಕರ್ನಾಟಕ ಸೇರಿಸಿದರೂ ರವಿಕೀರ್ತಿಯ ಲೆಕ್ಕ ತುಂಬುವುದಿಲ್ಲ. ಆಸ್ಥಾನ ಕವಿಯ ಅಂಕಿಗೆ ಸ್ವಲ್ಪ ರಿಯಾಯಿತಿ ಕೊಡಲೇಬೇಕು. ಆದರೆ ಮುಂದೆ ಬರುವ ಸರ್ಕಾರಿ ಅಂಕಿಗಳ ಎದುರು ರವಿಕೀರ್ತಿ ಬಹಳ ಸಂಕೋಚದ ಮನುಷ್ಯನಾಗಿ ಕಾಣುತ್ತಾನೆ.

ಗ್ರಾನೈಟು, ಮರಳುಗಲ್ಲು ಆಯಿತು. ಸುಣ್ಣದ ಕಲ್ಲಿನದು ಬೇರೆಯೇ ವೇಗ. ಮುಧೋಳ ತಾಲ್ಲೂಕಿನ ಮುದ್ದಾಪುರದಲ್ಲಿ 2009ರಲ್ಲಿ ಶುರುವಾದ ಜೆ.ಕೆ. ಸಿಮೆಂಟ್ ಕಾರ್ಖಾನೆಯ ಆರಂಭದ ಸಾಮರ್ಥ್ಯ ವರ್ಷಕ್ಕೆ 30 ಲಕ್ಷ ಟನ್. ಐವತ್ತು ಕಿಲೋ ಚೀಲದಲ್ಲಿ ಆರು ಕೋಟಿ ಚೀಲ. ವರ್ಷಕ್ಕೆ ಇರುವುದೇ ಮೂರು ಕೋಟಿ ಹದಿನೈದು ಲಕ್ಷ ಸೆಕೆಂಡು. ಪೂರ್ಣ ಸಾಮರ್ಥ್ಯದಲ್ಲಿ ಓಡಿದರೆ ಹಗಲು, ರಾತ್ರಿ, ಹಬ್ಬ, ಅಮಾವಾಸ್ಯೆ ಎನ್ನದೆ ಸೆಕೆಂಡಿಗೆ ಸುಮಾರು ಎರಡು ಚೀಲ! ಈ ವಾಕ್ಯ ಓದಿ ಮುಗಿಸುವಷ್ಟರಲ್ಲಿ ಒಂದು ಬಚ್ಚಲುಮನೆಗೆ ಬೇಕಾದ ಸಿಮೆಂಟು ಸಿದ್ಧ.

ಹುನಗುಂದದ ಕಡೆ ತಿರುಗಿದರೆ ಕಲ್ಲು ಹೋಗಿ ಎರೆ ಬರುತ್ತದೆ, ಅಂಕಿಗೆ ಇನ್ನೊಂದು ಸೊನ್ನೆ ಸೇರುತ್ತದೆ. ಮರೋಳ-ರಾಮಥಾಳ ಏತ ನೀರಾವರಿಯ ಎರಡನೇ ಹಂತದಲ್ಲಿ ಕೃಷ್ಣೆಯ ಹಿನ್ನೀರನ್ನು ಎತ್ತಿ ಸುಮಾರು 24,000 ಹೆಕ್ಟೇರಿಗೆ ಹನಿ ನೀರಾವರಿ ಕೊಡುವ ಕೆಲಸಕ್ಕೆ ಜಳಗಾಂವಿನ ಜೈನ್ ಕಂಪನಿಯೂ ಇಸ್ರೇಲಿನ ನೆಟಾಫಿಮ್ಮೂ ಬಂದವು. ಇಲ್ಲಿ ಒಂದು ಕೈಲೆಕ್ಕ ಮಾಡೋಣ. ಒಂದು ಹನಿ ಪೈಪಿಗೂ ಇನ್ನೊಂದಕ್ಕೂ ಮೀಟರ್ ಅಂತರ ಎಂದು ಹಿಡಿದರೆ ಒಂದು ಹೆಕ್ಟೇರಿಗೆ 10 ಕಿಲೋಮೀಟರ್ ಪೈಪು. ಒಂದೇ ಹೆಕ್ಟೇರಿಗೆ! 24,000 ಹೆಕ್ಟೇರಿಗೆ 2,40,000 ಕಿಲೋಮೀಟರ್. ಭೂಮಿಯ ಸೊಂಟದ ಸುತ್ತಳತೆ 40,000 ಕಿಲೋಮೀಟರ್ ಚಿಲ್ಲರೆ. ಹುನಗುಂದದ ಹೊಲಗಳ ಪೈಪನ್ನು ಬಿಚ್ಚಿ ಸುತ್ತಿದರೆ ಭೂಮಿಗೆ ಆರು ಸುತ್ತಿನ ಉಡಿದಾರ. ಒಂದು ಇಂಚೂ ದಪ್ಪವಿಲ್ಲದ ಕರಿ ಪೈಪು, ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತು, ಆ ತೂತಿನಿಂದ ಹನಿ. ಆ ಪೈಪನ್ನು ಸುತ್ತಿ ಬದುವಿಗೆ ಎಸೆದ ಹೊಲಗಳೂ ಇವೆ, ಅದು ಬೇರೆ ಕತೆ. ಆರು ಸುತ್ತಿನಲ್ಲಿ ಎಷ್ಟು ಸುತ್ತು ಈಗ ನೀರು ಬಿಡುತ್ತಿದೆ ಎಂಬುದು ರೈತನಿಗೆ ಗೊತ್ತು.

ಹನಿ ಸಾಕು, ಸಮುದ್ರಕ್ಕೆ ಬರೋಣ. ಜಿಲ್ಲೆಯ ಅಂಚಿನ ಆಲಮಟ್ಟಿ ಅಣೆಕಟ್ಟಿನಲ್ಲಿ 519.6 ಮೀಟರ್ ಮಟ್ಟದವರೆಗೆ ತುಂಬಿದರೆ ನಿಲ್ಲುವ ನೀರು 123 ಟಿಎಂಸಿ. ಪತ್ರಿಕೆಯಲ್ಲಿ ದಿನಾ ಓದುತ್ತೇವೆ, ತಲೆಯಾಡಿಸುತ್ತೇವೆ. ಒಂದು ಟಿಎಂಸಿ ಎಂದರೆ 2,832 ಕೋಟಿ ಲೀಟರ್. ನೂರಿಪ್ಪತ್ಮೂರು ಟಿಎಂಸಿ ಸುಮಾರು ಮೂರೂವರೆ ಲಕ್ಷ ಕೋಟಿ ಲೀಟರ್. ದೇಶದ 140 ಕೋಟಿ ಜನರಿಗೆ ಹಂಚಿದರೆ ಹಸುಗೂಸಿನಿಂದ ಹಿಡಿದು ಮುದುಕರವರೆಗೆ ತಲೆಗೆ ಸುಮಾರು 2,500 ಲೀಟರ್. ಟ್ಯಾಂಕರಿನಲ್ಲಿ ಸಾಗಿಸುತ್ತೇನೆ ಎಂದು ಹಟ ಹಿಡಿದರೆ 10,000 ಲೀಟರಿನ ಟ್ಯಾಂಕರುಗಳು 34 ಕೋಟಿ 80 ಲಕ್ಷ ಬೇಕು. ಒಂದೊಂದು ಎಂಟು ಮೀಟರ್ ಉದ್ದ ಎಂದು ಮೂತಿಗೆ ಬಾಲ ತಾಗಿಸಿ ನಿಲ್ಲಿಸಿದರೆ ಸಾಲು 27 ಲಕ್ಷ 84 ಸಾವಿರ ಕಿಲೋಮೀಟರ್: ಭೂಮಿಗೆ 69 ಸುತ್ತು, ಅಥವಾ ಚಂದ್ರನಿಗೆ ಮೂರೂವರೆ ಸಲ ಹೋಗಿ ಬರುವಷ್ಟು! ಆನೆಯ ಲೆಕ್ಕವೇ ಬೇಕೆಂದರೆ 87 ಕೋಟಿ ಆನೆ. ಇಡೀ ಕರ್ನಾಟಕದ ಕಾಡುಗಳಲ್ಲಿ ಇರುವುದು ಆರು ಸಾವಿರದ ಆಸುಪಾಸು. ಆನೆ ಇಲ್ಲಿಗೆ ಸೋತಿತು. ಇನ್ನು ಮುಂದೆ ಅದನ್ನು ಕರೆಯುವುದಿಲ್ಲ.

ಇದು ನಿಂತ ನೀರು. ಬಿಟ್ಟ ನೀರಿನದು ಇನ್ನೂ ಭಯಂಕರ. ಆಲಮಟ್ಟಿಗೆ 26 ಗೇಟು, ಒಂದೊಂದು 15 ಮೀಟರ್ ಅಗಲ, 15 ಮೀಟರಿಗೂ ಮಿಕ್ಕ ಎತ್ತರ: ನಾಲ್ಕಂತಸ್ತಿನ ಕಟ್ಟಡಕ್ಕಿಂತ ಎತ್ತರದ ಬಾಗಿಲು. 2019ರ ಆಗಸ್ಟಿನ ಪ್ರವಾಹದಲ್ಲಿ ಅಲ್ಲಿಂದ ಹೊರಬಿಟ್ಟದ್ದು ಐದು ಲಕ್ಷ ಕ್ಯುಸೆಕ್ ದಾಟಿತ್ತು. ಐದು ಲಕ್ಷಕ್ಕೇ ಲೆಕ್ಕ ಹಾಕಿ: ಸೆಕೆಂಡಿಗೆ ಒಂದು ಕೋಟಿ ನಲವತ್ತೊಂದೂವರೆ ಲಕ್ಷ ಲೀಟರ್. ಇಡೀ ದಿನ ಹೀಗೇ ಹರಿದರೆ 43 ಟಿಎಂಸಿ. ಮಂಡ್ಯ, ಮೈಸೂರು, ಬೆಂಗಳೂರುಗಳು ವರ್ಷವಿಡೀ ಕಣ್ಣಿಟ್ಟು ಕಾಯುವ ಕೆಆರ್‌ಎಸ್ಸಿನ ಒಟ್ಟು ಸಂಗ್ರಹ 49 ಟಿಎಂಸಿ ಚಿಲ್ಲರೆ. ಅಂದರೆ ತುಂಬಿದ ಕನ್ನಂಬಾಡಿಯನ್ನು ಈ ಗೇಟುಗಳಿಗೆ ಕೊಟ್ಟರೆ ಒಂದು ದಿನ ಮೂರೂವರೆ ಗಂಟೆಯಲ್ಲಿ ತಳ ತೋರಿಸುತ್ತಿತ್ತು!

ಈ ನೀರು ಏರುವುದು ಹೇಗಿರುತ್ತದೆ ಎಂದು ನೋಡಬೇಕಾದರೆ ಹುನಗುಂದ ತಾಲ್ಲೂಕಿನ ಕೂಡಲಸಂಗಮಕ್ಕೆ ಹೋಗಬೇಕು. ಆಲಮಟ್ಟಿಯ ಕೆಳಗಿನ ನಾರಾಯಣಪುರ ಜಲಾಶಯದ ಹಿನ್ನೀರು ಕೃಷ್ಣೆ-ಮಲಪ್ರಭೆಯರ ಸಂಗಮವನ್ನು ಆವರಿಸಿದಾಗ ಬಸವಣ್ಣನವರ ಐಕ್ಯ ಮಂಟಪ ಮುಳುಗಬಾರದೆಂದು ಅದರ ಸುತ್ತ ಭಾರಿ ಕಾಂಕ್ರೀಟ್ ಬಾವಿ ಕಟ್ಟಿದರು. ಸೇತುವೆಯ ಮೇಲೆ ನಡೆದು ಹೋಗಿ, ಬಾವಿಯೊಳಕ್ಕೆ ಮೆಟ್ಟಿಲು ಇಳಿಯಬೇಕು. ಸುತ್ತ ಗೋಡೆ ತಣ್ಣಗಿರುತ್ತದೆ. ಹೊರಗೆ ನದಿ ನಿಮ್ಮ ತಲೆಯ ಮೇಲಿದೆ, ನೀವು ಒಣಗಿದ ನೆಲದ ಮೇಲೆ ನಿಂತು ಕೈಮುಗಿಯುತ್ತಿದ್ದೀರಿ.

ಕಲ್ಲೂ ನೀರೂ ಹೀಗೆ ತುಂಬಿದ ಜಾಗಗಳೆಂದರೆ ಹೂಡಿಕೆಯ ಜಗತ್ತಿಗೆ ಏಷ್ಯಾದ ಬೇರೆ ಹೆಸರುಗಳು ನೆನಪಾಗುತ್ತವೆ. ಲಾವೋಸ್, ಮಂಗೋಲಿಯಾ: ದುಡ್ಡು ಇನ್ನೂ ಪೂರ್ತಿ ಕಾಲಿಡದ, ನೆಲದಡಿ ಅದಿರೂ ಕಣಿವೆಯಲ್ಲಿ ನೀರೂ ತುಂಬಿದ ದೇಶಗಳು. ಲಾವೋಸಿನ ನಾಮ್ ಥಿಯುನ್ 2 ಜಲವಿದ್ಯುತ್ ಯೋಜನೆ 2010ರಲ್ಲಿ ಶುರುವಾಯಿತು, 1,070 ಮೆಗಾವಾಟ್, ಹೆಚ್ಚಿನ ಪಾಲು ಥಾಯ್ಲೆಂಡಿಗೆ ಮಾರಾಟ. ವಿಶ್ವಬ್ಯಾಂಕಿನಿಂದ ಹಿಡಿದು ಎಲ್ಲರೂ ತಲೆ ಹಾಕಿದ ಆ ಯೋಜನೆಯಲ್ಲಿ ಮನೆ ಬಿಟ್ಟು ಎದ್ದವರು ಸುಮಾರು 6,300 ಜನ. ಆಲಮಟ್ಟಿಯದು 290 ಮೆಗಾವಾಟ್, ಆ ವಿಷಯದಲ್ಲಿ ಲಾವೋಸ್ ನಮಗಿಂತ ಮೂರೂವರೆ ಪಟ್ಟು ಮುಂದು. ಆದರೆ ಎದ್ದವರ ಲೆಕ್ಕದಲ್ಲಿ ನಮ್ಮ ಹತ್ತಿರ ಬರಲಾರದು. ಇಲ್ಲಿ ಎದ್ದದ್ದು ಹಳ್ಳಿಗಳಷ್ಟೇ ಅಲ್ಲ, ಒಂದು ಜಿಲ್ಲಾ ಕೇಂದ್ರವೇ ಎದ್ದು ಗುಡ್ಡದ ಬದಿಯಲ್ಲಿ ಸೆಕ್ಟರ್ ನಂಬರುಗಳ ನವನಗರವಾಗಿ ಕೂತಿತು. ಹಳೇ ಬಾಗಲಕೋಟೆಯ ಓಣಿಯ ಹೆಸರು ಹೇಳುತ್ತಿದ್ದವರು ಸೆಕ್ಟರ್ ನಂಬರು ಹೇಳುವುದನ್ನು ಕಲಿತರು.

ಇಷ್ಟೆಲ್ಲ ಆದಮೇಲೂ ಆಲಮಟ್ಟಿ ಅಣೆಕಟ್ಟು ಪೂರ್ತಿ ಎತ್ತರಕ್ಕೆ ತುಂಬಿಲ್ಲ. ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದು 1964ರಲ್ಲಿ. ನೀರನ್ನು 524.256 ಮೀಟರಿನವರೆಗೆ ನಿಲ್ಲಿಸಬಹುದು ಎಂದು ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ ಒಪ್ಪಿದ್ದು 2010ರಲ್ಲಿ. ದಶಮಾಂಶದ ಆಚೆಯ ಆ 256 ನೋಡಿ! ನದಿಯನ್ನು ಮಿಲಿಮೀಟರಿನಲ್ಲಿ ಅಳೆದ ಶಿಸ್ತು ಎಂದು ಬೆರಗಾಗಬೇಡಿ. ಹಳೆಯ ಲೆಕ್ಕದ 1,720 ಅಡಿಯನ್ನು ಮೀಟರಿಗೆ ತಿರುಗಿಸಿದಾಗ ಬಂದ ಬಾಲ ಅದು. ಈಗಿನ 519.6ರಿಂದ ಅಲ್ಲಿಗೆ ಏರಬೇಕಾದ್ದು 4.656 ಮೀಟರ್. ಹದಿನೈದು ಅಡಿ ಚಿಲ್ಲರೆ. ಮನೆಯ ಒಂದೂವರೆ ಮಹಡಿ.

ಈ ಒಂದೂವರೆ ಮಹಡಿಗೆ ಬೇಕಾದ ಜಮೀನು? ಮುಳುಗುವುದು 75,563 ಎಕರೆ. ಕಾಲುವೆ, ಪುನರ್ವಸತಿ ಸೇರಿ ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತಕ್ಕೆ ಒಟ್ಟು 1,33,867 ಎಕರೆ. ಬೆಂಗಳೂರಿನ ಲಾಲ್‌ಬಾಗ್ 240 ಎಕರೆ. ಮುಳುಗಡೆಯದೇ 315 ಲಾಲ್‌ಬಾಗ್. ಅದನ್ನು ಎತ್ತರಕ್ಕೆ ಹಂಚಿ ನೋಡಿ: ನೀರು ಒಂದು ಸೆಂಟಿಮೀಟರ್ ಏರಿದರೆ 162 ಎಕರೆ ಹೋಯಿತು. ಕಿರುಬೆರಳ ಉಗುರಿನ ಅಗಲಕ್ಕೆ 162 ಎಕರೆ! ಒಂದೂವರೆ ಸೆಂಟಿಮೀಟರಿಗೆ ಒಂದು ಲಾಲ್‌ಬಾಗ್, ಗಾಜಿನ ಮನೆ, ಕೆರೆ, ಕೆಂಪೇಗೌಡರ ಗೋಪುರದ ಬಂಡೆ ಎಲ್ಲ ಸೇರಿ. ಒಟ್ಟು ಜಮೀನನ್ನು ಮೀಟರ್ ಅಗಲದ ಪಟ್ಟಿಯಾಗಿ ಕತ್ತರಿಸಿ ಬಿಚ್ಚಿದರೆ 5,41,000 ಕಿಲೋಮೀಟರ್ ದಾಟುತ್ತದೆ. ಚಂದ್ರನನ್ನು ಮುಟ್ಟಿ, ವಾಪಸು ಬರುವ ದಾರಿಯಲ್ಲಿ ಐದರಲ್ಲಿ ಎರಡು ಪಾಲು ಮುಗಿಸಿದಂತೆ.

ಈಗ ದುಡ್ಡು. 2012ರಲ್ಲಿ ಇಡೀ ಮೂರನೇ ಹಂತದ ಅಂದಾಜು 17,207 ಕೋಟಿ ರೂಪಾಯಿ. ಕೆಲವೇ ವರ್ಷದಲ್ಲಿ ಅದು 51,148 ಕೋಟಿ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಮುಳುಗಡೆಯ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಬೇಸಾಯದ್ದಕ್ಕೆ 30 ಲಕ್ಷ ಎಂದು ನಿಗದಿ ಮಾಡಿದಾಗ ಭೂಸ್ವಾಧೀನ, ಪುನರ್ವಸತಿಗೇ ತಗಲುವ ಮೊತ್ತ ಸುಮಾರು 70,000 ಕೋಟಿ ಎಂಬ ಅಂದಾಜು ಬಂತು. ಎಪ್ಪತ್ತು ಸಾವಿರ ಕೋಟಿಯನ್ನು ಐನೂರರ ನೋಟಿನಲ್ಲಿ ಎಣಿಸಿದರೆ 140 ಕೋಟಿ ನೋಟು. ದೇಶದ ಪ್ರತಿಯೊಬ್ಬರಿಗೂ ಒಂದೊಂದು! ಸೆಕೆಂಡಿಗೆ ಒಂದರಂತೆ ಊಟ ನಿದ್ದೆ ಬಿಟ್ಟು ಎಣಿಸಿದರೆ 44 ವರ್ಷ. ಇಪ್ಪತ್ತರ ಹುಡುಗನನ್ನು ಗುಮಾಸ್ತನಾಗಿ ಕೂರಿಸಿದರೆ ನಿವೃತ್ತಿಯ ವಯಸ್ಸು ದಾಟಿದ ಮೇಲೆ ಎದ್ದಾನು. ಐನೂರರ ನೋಟು 15 ಸೆಂಟಿಮೀಟರ್ ಉದ್ದ. ಸಾಲಾಗಿ ಅಂಟಿಸಿದರೆ 2,10,000 ಕಿಲೋಮೀಟರ್, ಭೂಮಿಗೆ ಐದು ಸುತ್ತು ಆಗಿ ಇನ್ನೂ ಮಿಗುತ್ತದೆ.

ಮಂಗೋಲಿಯಾದ ಗೋಬಿ ಮರುಭೂಮಿಯ ಓಯು ತೊಲ್ಗೊಯ್ ತಾಮ್ರದ ಗಣಿಯನ್ನು ಜಗತ್ತಿನ ಗಣಿ ಉದ್ಯಮ ಬಾಯಿ ಬಿಟ್ಟು ನೋಡುತ್ತದೆ. ನೆಲದಿಂದ 1.3 ಕಿಲೋಮೀಟರ್ ಕೆಳಗೆ, ರಿಯೊ ಟಿಂಟೊ ಕಂಪನಿಗೆ 66 ಪಾಲು, ದೇಶಕ್ಕೆ 34 ಪಾಲು. ಆ ಭೂಗತ ಗಣಿಗೆ ಸುರಿದದ್ದು ಸುಮಾರು 700 ಕೋಟಿ ಡಾಲರ್. ಆಲಮಟ್ಟಿಯ ಒಂದೂವರೆ ಮಹಡಿಯ ಜಮೀನು-ಪುನರ್ವಸತಿಯ ಲೆಕ್ಕ ಅದನ್ನೂ ಮೀರಿಸಿ 800 ಕೋಟಿ ಡಾಲರಿನ ಹತ್ತಿರ ನಿಲ್ಲುತ್ತದೆ. ಲಾವೋಸ್ ದೇಶವಿಡೀ ವರ್ಷವೆಲ್ಲ ದುಡಿದು ಉತ್ಪಾದಿಸುವುದರಲ್ಲಿ ಹೆಚ್ಚುಕಡಿಮೆ ಅರ್ಧ. ಒಂದು ದೇಶದ ಆರು ತಿಂಗಳ ಬೆವರು, ಹದಿನೈದು ಅಡಿ ನೀರಿಗೆ!

ದೊಡ್ಡ ಅಂಕಿಗಳ ಮಜಾ ಎಂದರೆ ತಿರುಗಿಸಿ ನೋಡಿದಾಗ ಅವು ತಟ್ಟನೆ ಕುಗ್ಗುತ್ತವೆ. ಎಕರೆಗೆ 40 ಲಕ್ಷ ಎಂದಾಗ ರೈತ ಕುಬೇರನಾದ ಎಂದು ಪಟ್ಟಣದವರು ಹುಬ್ಬೇರಿಸಿದರು. ಒಂದು ಎಕರೆ 43,560 ಚದರಡಿ. ಭಾಗಿಸಿದರೆ ಚದರಡಿಗೆ 92 ರೂಪಾಯಿ. ಒಳ್ಳೆಯ ಪಾಲಿಶ್ ಗ್ರಾನೈಟಿನ ಚಪ್ಪಡಿಗೆ ಅಂಗಡಿಯಲ್ಲಿ ಚದರಡಿಗೆ ಇದಕ್ಕಿಂತ ಹೆಚ್ಚು ಕೊಡಬೇಕು. ಅಂದರೆ ಕಬ್ಬು ಬೆಳೆಯುವ ಘಟಪ್ರಭಾ ದಂಡೆಯ ಹೊಲ, ಅದರ ಮೇಲೆ ಹಾಸಬಹುದಾದ ಎರಡು ಸೆಂಟಿಮೀಟರ್ ದಪ್ಪದ ಇಳಕಲ್ ಕಲ್ಲಿಗಿಂತ ಅಗ್ಗ! ಮುಳುಗಡೆಯ ಊರುಗಳಲ್ಲಿ ದರಕ್ಕಾಗಿ ವರ್ಷಗಟ್ಟಲೆ ಧರಣಿ ಕೂತವರ ಮೇಲೆ ದುರಾಸೆಯ ಆರೋಪ ಹೊರಿಸುವವರು ಈ ಭಾಗಾಕಾರವನ್ನು ಒಮ್ಮೆ ಮಾಡಿ ನೋಡಬಹುದು.

ಮತ್ತೆ ಒಟ್ಟು ಮೊತ್ತಕ್ಕೆ ಬನ್ನಿ, ಈ ಸಲ ಎತ್ತರಕ್ಕೆ ಭಾಗಿಸಿ. ಎಪ್ಪತ್ತು ಸಾವಿರ ಕೋಟಿ, 465.6 ಸೆಂಟಿಮೀಟರ್. ಒಂದು ಸೆಂಟಿಮೀಟರಿಗೆ 150 ಕೋಟಿ ರೂಪಾಯಿ. ಕಾಲುವೆಯ ಜಮೀನನ್ನೂ ಪುನರ್ವಸತಿಯನ್ನೂ ನೀರಿನ ಎತ್ತರದ ತಲೆಗೆ ಕಟ್ಟುವುದು ಅನ್ಯಾಯ ಎಂದು ತಕರಾರು ತೆಗೆಯುವವರಿದ್ದಾರೆ, ತೆಗೆಯಲಿ. ಮುಳುಗುವ ಜಮೀನು ಮಾತ್ರ ಹಿಡಿದು, ಎಲ್ಲವನ್ನೂ ನೀರಾವರಿ ಎಂದೇ ಲೆಕ್ಕ ಹಾಕಿದರೆ 30,225 ಕೋಟಿ. ಸೆಂಟಿಮೀಟರಿಗೆ 65 ಕೋಟಿ. ನನಗೆ ಎರಡರಲ್ಲಿ ಯಾವುದಾದರೂ ಆದೀತು, ಬಾಯಿ ಮುಚ್ಚುವುದಿಲ್ಲ. ದೊಡ್ಡದನ್ನೇ ಇಟ್ಟುಕೊಂಡು ಇನ್ನೂ ಸಣ್ಣಗೆ ಹೆಚ್ಚಿದರೆ ಮಿಲಿಮೀಟರಿಗೆ 15 ಕೋಟಿ. ಐನೂರರ ನೋಟಿನ ದಪ್ಪ ಮಿಲಿಮೀಟರಿನ ಹತ್ತನೇ ಒಂದು ಪಾಲು ಎಂದುಕೊಳ್ಳಿ. ಜಲಾಶಯದ ನೀರು ಬರೀ ಒಂದು ನೋಟಿನ ದಪ್ಪದಷ್ಟು ಏರಲು ಒಂದೂವರೆ ಎಕರೆಗೂ ಮಿಕ್ಕ ಹೊಲ, ಒಂದೂವರೆ ಕೋಟಿ ರೂಪಾಯಿ. ಆ ಒಂದೂವರೆ ಕೋಟಿ ಎಂದರೆ ಐನೂರರ 30,000 ನೋಟು. ಒಂದರ ಮೇಲೊಂದು ಪೇರಿಸಿದರೆ ಮೂರು ಮೀಟರ್ ಎತ್ತರದ ಕಟ್ಟು. ಹಾಗೇ 4.656 ಮೀಟರಿಗೂ ಪೇರಿಸುತ್ತ ಹೋದರೆ ಕಟ್ಟಿನ ತುದಿ 140 ಕಿಲೋಮೀಟರ್ ಮೇಲೆ, ಬಾಹ್ಯಾಕಾಶ ಶುರುವಾಗುವ ನೂರರ ಗೆರೆಯನ್ನೂ ದಾಟಿ ನಲವತ್ತು ಕಿಲೋಮೀಟರ್ ಆಚೆ!